ತುಮರಿ ಕಡೆಯ ಮಕ್ಕಳು ನೀಟ್, ಸಿಇಟಿಗೆ ಯಾವ ಊರು ಹಾಕಬೇಕು?

ಕರೂರು ಸೀಮೆ:

ಎಲ್ಲರಿಗೂ ನಮಸ್ಕಾರ. ನಮ್ಮನೆ ಸಾಗರ ತಾಲ್ಲೂಕಿನ ಕರೂರು ಹೋಬಳಿ. ತುಮರಿಯಲ್ಲಿ ಬಸ್ಸಿಳಿದು ಒಳಗೆ ಇನ್ನೂ ಆರು ಕಿಲೋಮೀಟರ್. ಮಗಳು ಸಾಗರದಲ್ಲಿ ಹಾಸ್ಟೆಲ್‌ನಲ್ಲಿದ್ದುಕೊಂಡು ಸೆಕೆಂಡ್ ಪಿಯುಸಿ ಸೈನ್ಸ್ ಓದ್ತಿದಾಳೆ. ಸಿಇಟಿ, ನೀಟ್ ಎರಡನ್ನೂ ಬರೀತಾಳೆ. ಮೊನ್ನೆ ಅರ್ಜಿ ತುಂಬೋಕೆ ಸೈಬರ್‌ಗೆ ಹೋದ್ವಿ. ಪರೀಕ್ಷೆ ಬರೆಯೋ ನಗರ ಯಾವುದು ಅನ್ನೋ ಕಾಲಂ ಬಂತು. ಸೈಬರ್ ಹುಡುಗ ‘ಎಂತ ಹಾಕ್ಲಿ ಅಣ್ಣ’ ಅಂತ ನನ್ನ ಮುಖ ನೋಡ್ದ. ನಾನು ಮಗಳ ಮುಖ ನೋಡ್ದೆ. ‘ಶಿವಮೊಗ್ಗ ಹಾಕಿ, ಉಳಿದದ್ದು ಏನಾದ್ರೂ ಹಾಕಿ’ ಅಂತ ಬಾಯಿಗೆ ಬಂದಿತ್ತು. ಯಾಕೋ ಮನಸ್ಸು ಒಪ್ಪಲಿಲ್ಲ, ಅರ್ಧಕ್ಕೇ ಉಳಿಸಿ ಎದ್ದು ಬಂದ್ವಿ.

ಯಾಕೆ ಅಂದ್ರೆ ನನ್ನ ತಮ್ಮ 2018ರಲ್ಲಿ ನೀಟ್ ಬರೆದಾಗ ದಾವಣಗೆರೆಗೆ ಹೋಗಿದ್ದ. ಆಗ ನಮಗೆ ಶರಾವತಿ ಹಿನ್ನೀರು ದಾಟೋಕೆ ಲಾಂಚೇ ದಾರಿ. ಶನಿವಾರ ಬೆಳಗ್ಗೆ ಮನೆ ಬಿಟ್ಟು, ಹೊಳೆ ದಾಟಿ, ಸಾಗರ, ಶಿವಮೊಗ್ಗ, ಹೊನ್ನಾಳಿ ಅಂತ ಬಸ್ಸು ಬದಲಿಸಿ ದಾವಣಗೆರೆ ಮುಟ್ಟುವಾಗ ರಾತ್ರಿ. ಲಾಡ್ಜ್‌ನಲ್ಲಿ ಸೊಳ್ಳೆ ಕಡಿಸ್ಕೊಂಡು, ನಿದ್ದೆಯಿಲ್ಲದ ಕಣ್ಣಲ್ಲಿ ಪರೀಕ್ಷೆ ಬರೆದ. ಅವನಿಗೆ ಸೀಟು ಸಿಗಲಿಲ್ಲ. ಅದಕ್ಕೆ ಪ್ರಯಾಣ ಒಂದೇ ಕಾರಣ ಅಂತ ಹೇಳೋಕಾಗಲ್ಲ. ಆದ್ರೆ ಆ ಎರಡು ದಿನ ಅವನು ಪಟ್ಟ ಪಾಡು ನಮ್ಮನೇಲಿ ಯಾರೂ ಮರೆತಿಲ್ಲ.

ಈಗ ಸೇತುವೆ ಆಗಿದೆ. ಆದ್ರೂ ಕೇಳ್ತಿದೀನಿ. ನಮ್ಮ ಕಡೆಯಿಂದ ಹೋಗಿ ಬರೆದವರು, ಮಕ್ಕಳನ್ನ ಕರ್ಕೊಂಡು ಹೋದವರು ಇದ್ರೆ ದಯವಿಟ್ಟು ಹೇಳಿ. ಯಾವ ಊರು ಹಾಕಿದ್ರೆ ಒಳ್ಳೇದು? ಸಾಗರದಲ್ಲೇ ಕೊಡಿ ಅಂತ ಕೇಳೋಕೆ ದಾರಿ ಇದ್ಯಾ?

ನವುಲೆ ಕ್ರಾಸ್:

ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಪಿಯು ಉಪನ್ಯಾಸಕ. ಹತ್ತಾರು ವರ್ಷದಿಂದ ಸಿಇಟಿ ಕೊಠಡಿ ಮೇಲ್ವಿಚಾರಣೆ ಮಾಡ್ತಾ ಬಂದಿದೀನಿ, ಎರಡು ಸಲ ನೀಟ್‌ಗೂ ಹಾಕಿದ್ರು. ಅರ್ಜಿ ಅರ್ಧಕ್ಕೆ ನಿಲ್ಲಿಸಿ ಕೇಳಿದ್ರಲ್ಲ, ಬಹಳ ಒಳ್ಳೇದು ಮಾಡಿದ್ರಿ. ಹೆಚ್ಚಿನವರು ಕೇಳೋದು ಪ್ರವೇಶ ಪತ್ರ ಕೈಗೆ ಬಂದ ಮೇಲೆ. ಆಗ ಯಾರೂ ಏನೂ ಮಾಡೋ ಹಾಗಿರಲ್ಲ.

ಸಿಇಟಿ, ನೀಟ್ ಎರಡೂ ಬೇರೆ ಬೇರೆ ವ್ಯವಸ್ಥೆ ಅನ್ನೋದನ್ನ ಮೊದಲು ತಲೇಲಿ ಇಟ್ಕೊಳ್ಳಿ. ಸಿಇಟಿ ನಡೆಸೋದು ನಮ್ಮ ರಾಜ್ಯದ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದ್ರೆ ಕೆಇಎ. ನೀಟ್, ಜೆಇಇ ಮೇನ್ ನಡೆಸೋದು ದೆಹಲಿಯ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ, ಅಂದ್ರೆ ಎನ್‌ಟಿಎ. ಒಂದು ಕಡೆ ತುಂಬಿದ್ದು ಇನ್ನೊಂದು ಕಡೆಗೆ ಹೋಗಲ್ಲ. ಸಿಇಟಿಗೆ ಹತ್ತಿರದ ಕೇಂದ್ರ ಸಿಕ್ತು, ಹಾಗಾಗಿ ನೀಟ್‌ಗೂ ಅಲ್ಲೇ ಸಿಗುತ್ತೆ ಅಂತ ತಿಳ್ಕೊಂಡಿದ್ದ ತಂದೆ ತಾಯಿಯರನ್ನ ಪ್ರತಿ ವರ್ಷ ನೋಡ್ತೀನಿ.

ಸಿಇಟಿ ಎರಡು ದಿನದ ಪರೀಕ್ಷೆ. ಬೆಳಗ್ಗೆ 10:30ರಿಂದ 11:50, ಮಧ್ಯಾಹ್ನ 2:30ರಿಂದ 3:50. ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪಿಗೆ ಅಂಕ ಕಳೆಯಲ್ಲ. 2025ರಲ್ಲಿ ಏಪ್ರಿಲ್ 16 ಮತ್ತು 17ಕ್ಕೆ ಆಯ್ತು. ಅದರ ಪಕ್ಕದ ದಿನ ಕನ್ನಡ ಭಾಷಾ ಪರೀಕ್ಷೆ ಅಂತ ಇರುತ್ತಲ್ಲ, ಅದು ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಮಾತ್ರ. ನಿಮ್ಮ ಮಗಳಿಗೆ ಅದರ ಯೋಚನೆ ಬೇಡ. ಅರ್ಜಿಯಲ್ಲಿ ನೀವು ಊರು ಹೇಳಬಹುದು, ಕಾಲೇಜನ್ನ ಹಂಚೋದು ಪ್ರಾಧಿಕಾರವೇ. ಸಾಗರದ ಕಾಲೇಜಿಗೆ ಹಾಕಿ ಅಂತ ಯಾರಿಗೂ ಶಿಫಾರಸು ಮಾಡಿಸೋಕೆ ಹೋಗಬೇಡಿ, ನಡೆಯಲ್ಲ. ಆದ್ರೆ ಕೇಂದ್ರಗಳು ಯಾವ ಊರಲ್ಲಿವೆ ಅನ್ನೋದು ವರ್ಷ ವರ್ಷ ಬದಲಾಗುತ್ತೆ. ಹೋದ ವರ್ಷ ಪಕ್ಕದ ಮನೆ ಹುಡುಗ ಎಲ್ಲಿ ಬರೆದ ಅನ್ನೋದನ್ನ ಲೆಕ್ಕಕ್ಕೆ ಹಿಡೀಬೇಡಿ. ಅರ್ಜಿ ತುಂಬೋ ದಿನ ಪರದೆ ಮೇಲೆ ಯಾವ ಊರು ಕಾಣುತ್ತೋ ಅದೇ ಲೆಕ್ಕ.

ನೀಟ್ ಒಂದೇ ದಿನ. ಮಧ್ಯಾಹ್ನ 2ರಿಂದ 5. ಗೇಟು ಮುಚ್ಚೋದು 1:30ಕ್ಕೆ. 1:31ಕ್ಕೆ ಓಡಿ ಬಂದು ಗೇಟಿನ ಸರಳು ಹಿಡಿದು ಅತ್ತವರನ್ನ ನಾನು ನೋಡಿದೀನಿ, ಒಳಗೆ ನಿಂತ ನಮಗೂ ಕರುಳು ಕಿತ್ತು ಬರುತ್ತೆ. ಆದ್ರೆ ಬೀಗ ತೆಗೆಯೋ ಅಧಿಕಾರ ನಮಗಿಲ್ಲ. ನೀಟ್ ಅರ್ಜಿಯಲ್ಲಿ ಒಂದಕ್ಕಿಂತ ಹೆಚ್ಚು ನಗರ ಕೇಳ್ತಾರೆ. ಪರೀಕ್ಷೆಗೆ ಕೆಲವು ದಿನ ಮೊದಲು ಯಾವ ನಗರ ಅಂತ ಒಂದು ಸ್ಲಿಪ್ ಬರುತ್ತೆ. ಯಾವ ಕಟ್ಟಡ ಅಂತ ಗೊತ್ತಾಗೋದು ಇನ್ನೂ ಆಮೇಲೆ, ಪ್ರವೇಶ ಪತ್ರದಲ್ಲಿ. ಆ ಸ್ಲಿಪ್ ಪ್ರವೇಶ ಪತ್ರ ಅಲ್ಲ. ಅದನ್ನೇ ಹಿಡ್ಕೊಂಡು ಗೇಟಿಗೆ ಬಂದವರೂ ಇದಾರೆ.

ನನ್ನ ಅನುಭವದ ಮಾತು ಹೇಳ್ತೀನಿ. ಎರಡನೇ, ಮೂರನೇ ಆಯ್ಕೆಯನ್ನ ಮೊದಲನೇದರಷ್ಟೇ ಯೋಚನೆ ಮಾಡಿ ಹಾಕಿ. ‘ಏನಾದ್ರೂ ಹಾಕಿ’ ಅಂದ್ರೆ ಸೈಬರ್‌ನವರು ಪಟ್ಟಿಯಲ್ಲಿ ಮೇಲಿರೋ ಹೆಸರು ಒತ್ತಿಬಿಡ್ತಾರೆ. ಹಾಗೆ ಆಗಿ ಮಲೆನಾಡಿನ ಹುಡುಗಿಯೊಬ್ಬಳಿಗೆ ಬಯಲುಸೀಮೆಯ ಆ ತುದಿಯ ಊರು ಬಂದದ್ದು ನನ್ನ ಕಣ್ಣೆದುರೇ ನಡೆದಿದೆ.

ಹೊಳೆಬಾಗಿಲು:

ಅಂಕಲ್, ನಾನು ನಿಮ್ಮ ಸೀಮೆಯವಳೇ. 2025ರಲ್ಲಿ ಎರಡನ್ನೂ ಬರೆದೆ, ಈಗ ಬಿಎಸ್ಸಿ ನರ್ಸಿಂಗ್ ಮೊದಲ ವರ್ಷ. ಸೇತುವೆ ಉದ್ಘಾಟನೆ ಆಗಿದ್ದು ಜುಲೈ 14ಕ್ಕೆ, ಹಾಗಾಗಿ ನಮ್ಮದು ಲಾಂಚ್ ದಾಟಿ ಪರೀಕ್ಷೆ ಬರೆದ ಕೊನೆಯ ಬ್ಯಾಚು.

ಸಿಇಟಿಗೆ ಶಿವಮೊಗ್ಗ ಬಂತು. ಬುಧವಾರ ಬೆಳಗ್ಗೆ ಪರೀಕ್ಷೆ ಅಂದ್ರೆ ಸೋಮವಾರವೇ ಹೊರಟ್ವಿ. ಬೇಸಿಗೆಯಲ್ಲಿ ಹಿನ್ನೀರು ಇಳಿದಿರುತ್ತಲ್ಲ, ಲಾಂಚ್ ಹೇಗೋ ಏನೋ ಅಂತ ಅಪ್ಪಯ್ಯನಿಗೆ ಒಂದು ದಿನ ಕೈಯಲ್ಲಿಟ್ಟುಕೊಳ್ಳೋ ಆಸೆ. ಗೋಪಾಳದಲ್ಲಿ ದೊಡ್ಡಮ್ಮನ ಮನೆ ಇದೆ. ಮಂಗಳವಾರ ಸಂಜೆ ಅಪ್ಪಯ್ಯ ನನ್ನನ್ನ ಸಿಟಿ ಬಸ್ಸಲ್ಲಿ ಕೇಂದ್ರದ ತನಕ ಕರ್ಕೊಂಡು ಹೋಗಿ ಗೇಟು, ಹತ್ತಿರದ ಹೋಟೆಲು, ನೆರಳಿರೋ ಮರ ಎಲ್ಲ ತೋರಿಸಿದ್ರು. ‘ನಾಳೆ ಮಧ್ಯಾಹ್ನ ಈ ಮರದ ಬುಡದಲ್ಲಿ ಕೂತಿರ್ತೀನಿ’ ಅಂದ್ರು. ಮೊಬೈಲ್ ಒಳಗೆ ಬಿಡಲ್ಲ, ಆದ್ರಿಂದ ಎಲ್ಲಿ ಸಿಗೋದು ಅಂತ ಮೊದಲೇ ಮಾತಾಡ್ಕೊಂಡಿರಬೇಕು. 11:50ಕ್ಕೆ ಸಾವಿರ ಮಕ್ಕಳು ಒಟ್ಟಿಗೇ ಹೊರಗೆ ಬಂದಾಗ ಆ ಮರ ಇಲ್ಲದಿದ್ರೆ ನಾನು ಹೆದರಿಬಿಡ್ತಿದ್ದೆ.

ನಿಜವಾದ ಕಷ್ಟ ಆಗಿದ್ದು ನೀಟ್‌ಗೆ. ಮೇ 4, ಭಾನುವಾರ. ಹೋಗೋದರ ಬಗ್ಗೆ ಎಲ್ಲರೂ ಹೇಳಿದ್ರು, ಬರೋದರ ಬಗ್ಗೆ ಒಬ್ಬರೂ ಹೇಳಲಿಲ್ಲ. 5 ಗಂಟೆಗೆ ಮುಗಿದ್ರೂ ಒಎಂಆರ್ ಉತ್ತರ ಹಾಳೆ ಎಣಿಸಿ, ಬಿಟ್ಟು, ಗೇಟು ದಾಟುವಾಗ ಐದೂವರೆ. ಖಾಸಗಿ ಬಸ್‌ಸ್ಟ್ಯಾಂಡಿಗೆ ಬರುವಾಗ ಆರು. ಸಾಗರಕ್ಕೆ ಬಸ್ಸಿದೆ, ಆದ್ರೆ ಸಾಗರ ಮುಟ್ಟಿದ ಮೇಲೆ ಎಂತ ಮಾಡೋದು? ಲಾಂಚ್ ಅಷ್ಟೊತ್ತಿಗೆ ಇಲ್ಲ. ಮತ್ತೆ ದೊಡ್ಡಮ್ಮನ ಮನೆಗೇ ಹೋದ್ವಿ. ಈಗ ಸೇತುವೆ ಇದ್ರೂ ರಾತ್ರಿ ಎಂಟರ ಮೇಲೆ ಸಾಗರದಿಂದ ನಮ್ಮೂರಿಗೆ ಬಸ್ಸು ನಂಬ್ಕೊಂಡು ಬರಬೇಡಿ. ಪರೀಕ್ಷೆ ದಿನ ರಾತ್ರಿಯೂ ಉಳಿಯೋ ಜಾಗ ನೋಡ್ಕೊಳ್ಳಿ.

ಮಗಳಿಗೆ ನನ್ನ ಕಡೆಯಿಂದ ಒಳ್ಳೇದಾಗ್ಲಿ ಅಂತ ಹೇಳಿ ಅಂಕಲ್.

ನಗರದ ಕೆರೆ ಏರಿ:

ಹೊಸನಗರ ತಾಲ್ಲೂಕು ನಗರ ಹೋಬಳಿಯಿಂದ ಬರೀತಿದೀನಿ. ನಮ್ಮ ಮಗ ನೀಟ್ ಬರೆದದ್ದು 2022ರಲ್ಲಿ. ಆ ವರ್ಷ ಪರೀಕ್ಷೆ ಇಟ್ಟಿದ್ದು ಜುಲೈ 17ಕ್ಕೆ! ಜುಲೈ ತಿಂಗಳು ನಮ್ಮ ಕಡೆ ಹೇಗಿರುತ್ತೆ ಅಂತ ಮಲೆನಾಡಿನವರಿಗೆ ನಾನು ಹೇಳಬೇಕಾಗಿಲ್ಲ. ಹುಲಿಕಲ್ ಘಾಟಿಯ ಮೇಲ್ಗಡೆ ಮನೆ. ಮಳೆ ಅಂದ್ರೆ ಮೂರು ದಿನ ಸೂರ್ಯನ ಮುಖ ಇಲ್ಲ, ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ಪ್ರವೇಶ ಪತ್ರ ಬಂತು ಅನ್ನೋ ಸುದ್ದಿ ಹೊಸನಗರದಲ್ಲಿರೋ ಅಳಿಯ ಹೇಳಿದ ಮೇಲೆ ಗೊತ್ತಾಯ್ತು, ಅವನೇ ಪ್ರಿಂಟು ತೆಗೆಸಿ ಇಟ್ಟಿದ್ದ.

ಶನಿವಾರ ಬೆಳಗ್ಗೆ ಏಳಕ್ಕೆ ಹೊರಟ್ರೆ ದಾರಿಯಲ್ಲಿ ಮರ ಬಿದ್ದಿತ್ತು. ಬಸ್ಸಿನವರು, ಊರಿನವರು ಸೇರಿ ಕತ್ತಿ, ಗರಗಸದಲ್ಲಿ ಕಡಿದು ದಾರಿ ಬಿಡಿಸುವಾಗ ಹತ್ತೂವರೆ. ರಿಪ್ಪನ್‌ಪೇಟೆ ಮೇಲೆ ಶಿವಮೊಗ್ಗ ಮುಟ್ಟುವಾಗ ಮಧ್ಯಾಹ್ನ ಮೂರು. ಭಾನುವಾರ ಬೆಳಗ್ಗೆ ಹೊರಟು ಮಧ್ಯಾಹ್ನದ ಪರೀಕ್ಷೆಗೆ ಹೋಗಬಹುದು ಅಂತ ನಮ್ಮ ಮನೆಯವರು ಮೊದಲು ಹೇಳಿದ್ರು. ಹಾಗೆ ಮಾಡಿದ್ದಿದ್ರೆ ಕತೆ ಮುಗೀತಿತ್ತು.

ಕೊರೊನಾ ವರ್ಷ 2020ರಲ್ಲಿ ಸಿಇಟಿ ಜುಲೈ 30, 31ಕ್ಕೆ, 2021ರಲ್ಲಿ ಆಗಸ್ಟ್ 28, 29ಕ್ಕೆ ನಡೆದದ್ದೂ ನೆನಪಿದೆ, ಅಕ್ಕನ ಮಕ್ಕಳು ಬರೆದಿದ್ರು. ಈಗ ಕೆಲವು ವರ್ಷದಿಂದ ಏಪ್ರಿಲ್, ಮೇಗೇ ಬಂದಿದೆ, ಪುಣ್ಯ. ಆದ್ರೂ ಮೇ ತಿಂಗಳ ಗುಡುಗು ಮಳೆ ಸಣ್ಣದಲ್ಲ. ಒಂದು ಗಾಳಿಗೆ ಎರಡು ದಿನ ಕರೆಂಟ್ ಹೋಗುತ್ತೆ. ಪ್ರವೇಶ ಪತ್ರ ಬಂದ ದಿನವೇ ಮೂರು ಪ್ರತಿ ತೆಗೆಸಿ. ಒಂದು ಮಗಳ ಹತ್ತಿರ, ಒಂದು ನಿಮ್ಮ ಹತ್ತಿರ, ಇನ್ನೊಂದು ಉಳಿಯೋ ಮನೇಲಿ. ನೀಟ್‌ಗೆ ಪೋಸ್ಟ್‌ಕಾರ್ಡ್ ಅಳತೆಯ ಫೋಟೊ ಅಂಟಿಸಬೇಕು, ಪಾಸ್‌ಪೋರ್ಟ್ ಅಳತೆಯದ್ದೂ ಬೇಕು, ಮೂಲ ಗುರುತಿನ ಚೀಟಿ ಬೇಕು. ಎಲ್ಲ ದಪ್ಪ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಕಟ್ಟಿ. ನಮ್ಮ ಹುಡುಗನ ಫೋಟೊ ಒದ್ದೆಯಾಗಿ ಶಿವಮೊಗ್ಗದಲ್ಲಿ ಸ್ಟುಡಿಯೊ ಹುಡುಕಿ ಮತ್ತೆ ತೆಗೆಸಿದ್ವಿ.

ಮೇಗರವಳ್ಳಿ ಮಾಣಿ:

ನಂದು ಸ್ವಲ್ಪ ಬೇರೆ ಪ್ರಶ್ನೆ. ಬೆಂಗಳೂರಲ್ಲಿ ಅಕ್ಕನ ಮನೆ ಇದೆ, ರಾತ್ರಿ ಬಸ್ಸು ಹತ್ತಿದ್ರೆ ಬೆಳಗ್ಗೆ ಇಳೀಬಹುದು. ತೀರ್ಥಹಳ್ಳಿಯಿಂದ ಒಂದೇ ಬಸ್ಸು, ಬದಲಿಸೋ ರಗಳೆ ಇಲ್ಲ. ನಂಟರ ಮನೆ ಊಟ. ಬೆಂಗಳೂರೇ ಹಾಕಿಬಿಡೋದು ಒಳ್ಳೇದಲ್ವಾ?

ನವುಲೆ ಕ್ರಾಸ್:

ತಮ್ಮಾ, ಉಳಿಯೋ ಮನೆ ಇರೋದು ದೊಡ್ಡ ಅನುಕೂಲ, ಅದನ್ನ ಅಲ್ಲಗಳೆಯಲ್ಲ. ಆದ್ರೆ ಬೆಂಗಳೂರು ನಗರ ಅಂತ ಬಂದ್ರೆ ಕೇಂದ್ರ ಯಲಹಂಕದಲ್ಲೂ ಬೀಳಬಹುದು, ಕೆಂಗೇರಿಯಲ್ಲೂ ಬೀಳಬಹುದು. ಅಕ್ಕನ ಮನೆಯಿಂದ ಕೇಂದ್ರಕ್ಕೆ ಎರಡು ತಾಸು ಬೇಕಾದ್ರೆ ಆಶ್ಚರ್ಯ ಇಲ್ಲ. ರಾತ್ರಿ ಬಸ್ಸಲ್ಲಿ ಹೋಗಿ ಅದೇ ದಿನ ಪರೀಕ್ಷೆ ಬರೆಯೋ ಯೋಚನೆ ಇದ್ರೆ ದಯವಿಟ್ಟು ಬಿಟ್ಟುಬಿಡು.

2019ರ ಮೇ 5 ನೆನಪಿಸ್ಕೋ. ಹಂಪಿ ಎಕ್ಸ್‌ಪ್ರೆಸ್ ಗಂಟೆಗಟ್ಟಲೆ ತಡವಾಗಿ, ಬೆಂಗಳೂರಲ್ಲಿ ನೀಟ್ ಬರೀಬೇಕಿದ್ದ ಉತ್ತರ ಕರ್ನಾಟಕದ ನೂರಾರು ಮಕ್ಕಳಿಗೆ ಪರೀಕ್ಷೆಯೇ ತಪ್ಪಿಹೋಯ್ತು. ರಾಜ್ಯವೆಲ್ಲ ಕೂಗೆದ್ದ ಮೇಲೆ ಅವರಿಗೆ ಮೇ 20ಕ್ಕೆ ಮತ್ತೊಂದು ಅವಕಾಶ ಕೊಟ್ರು. ಅಷ್ಟು ಮಕ್ಕಳು ಒಂದೇ ರೈಲಲ್ಲಿ ಇದ್ದದ್ದಕ್ಕೆ ಅವರ ಧ್ವನಿ ಕೇಳಿಸ್ತು. ಆಗುಂಬೆ ದಾರಿಯಲ್ಲಿ ಒಬ್ಬನೇ ಹುಡುಗನ ಬಸ್ಸು ಕೆಟ್ಟು ನಿಂತ್ರೆ ಯಾರು ಕೂಗೋದು?

ಹಾಗಾಗಿ ಬೆಂಗಳೂರು ಹಾಕೋದಾದ್ರೆ ಎರಡು ದಿನ ಮೊದಲು ಹೋಗು. ಇಲ್ಲ ಅಂದ್ರೆ ಶಿವಮೊಗ್ಗ.

ಮೇಗರವಳ್ಳಿ ಮಾಣಿ:

ಸರ್, ಎರಡು ದಿನ ಮೊದಲು ಹೋಗೋಕೆ ಆಗಲ್ಲ, ಅಪ್ಪಯ್ಯಂಗೆ ತೋಟದ ಕೆಲಸ. ಶಿವಮೊಗ್ಗವೇ ಮೊದಲು ಹಾಕ್ತೀನಿ.

ಬಾಳೆಹೊನ್ನೂರು ದಾರಿ:

ನಾವು ಚಿಕ್ಕಮಗಳೂರು ಜಿಲ್ಲೆ, ಎನ್.ಆರ್.ಪುರ ತಾಲ್ಲೂಕು. ನಮ್ಮ ಕಾಲೇಜಲ್ಲಿ ಎಲ್ಲರಿಗೂ ಜಿಲ್ಲಾ ಕೇಂದ್ರ ಅಂತ ಚಿಕ್ಕಮಗಳೂರನ್ನೇ ತುಂಬಿಸ್ತಿದ್ರು. ನಮಗೆ ಶಿವಮೊಗ್ಗ ಎಷ್ಟೋ ಹತ್ತಿರ, ಬಸ್ಸೂ ಜಾಸ್ತಿ. ಎರಡನೇ ಮಗಳ ಹೊತ್ತಿಗೆ ನಾನೇ ಕೂತು ಶಿವಮೊಗ್ಗ ಹಾಕಿಸ್ದೆ. ನೀಟ್‌ಗೆ ಜಿಲ್ಲೆಯ ಗಡಿ ಲೆಕ್ಕಕ್ಕಿಲ್ಲ, ಎನ್‌ಟಿಎ ಪಟ್ಟಿಯಲ್ಲಿ ಇರೋ ನಗರಗಳಲ್ಲಿ ನಮಗೆ ಬೇಕಾದ್ದು ಆರಿಸಬಹುದು. ಕಾಲೇಜಿನವರು ಹೇಳಿದ್ರು ಅಂತ ಕಣ್ಣು ಮುಚ್ಚಿ ಒಪ್ಪಬೇಡಿ.

ಬಸ್ಸಿನ ಮಾತು ಬಂದಿದ್ದಕ್ಕೆ ಹೇಳ್ತೀನಿ. ನಮ್ಮ ಕಡೆ ಕೊಪ್ಪದ ಸಹಕಾರ ಸಾರಿಗೆ ಇದ್ದಾಗ ಹಳ್ಳಿ ಹಳ್ಳಿಗೂ ಬೆಳಗ್ಗೆ ಬಸ್ಸಿತ್ತು, ವಿದ್ಯಾರ್ಥಿಗಳಿಗೆ ರಿಯಾಯಿತಿಯೂ ಇತ್ತು. ಕಾರ್ಮಿಕರೇ ಕಟ್ಟಿ ನಡೆಸಿದ ಸಂಸ್ಥೆ ಅದು, 2020ರಲ್ಲಿ ನಿಂತುಹೋಯ್ತು. ಆ ಬಸ್ಸುಗಳು ನಿಂತ ಮೇಲೆ ಪರೀಕ್ಷೆಗೆ ಹೋಗೋ ಮಕ್ಕಳ ಕಷ್ಟ ಏನು ಅಂತ ನೋಡಿದವರಿಗೇ ಗೊತ್ತು. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ ಅಂತಾರೆ, ಆದ್ರೆ ಅದು ಸರ್ಕಾರಿ ಬಸ್ಸಿಗೆ. ನಮ್ಮ ರೂಟಲ್ಲಿ ಓಡೋದೆಲ್ಲ ಖಾಸಗಿ ಬಸ್ಸು.

ಕೊಡಚಾದ್ರಿ ನೆರಳು:

ಕರೂರಿನವರೇ, ಯಾರೂ ಹೇಳದ ಒಂದು ಮಾತು ಹೇಳ್ತೀನಿ. ನೀವು ಎರಡನೇ ಆಯ್ಕೆಗೆ ದಾವಣಗೆರೆ ಬದಲು ಉಡುಪಿ ಯಾಕೆ ಯೋಚಿಸಬಾರದು? ಉಡುಪಿಯೂ ನೀಟ್ ನಗರ. ನಿಮ್ಮ ಕಡೆಯಿಂದ ನಿಟ್ಟೂರು, ನಾಗೋಡಿ ಮೇಲೆ ಘಾಟಿ ಇಳಿದ್ರೆ ಕೊಲ್ಲೂರು. ಕೊಲ್ಲೂರು ಮುಟ್ಟಿದ್ರೆ ಮುಗೀತು, ಅಲ್ಲಿಂದ ಕುಂದಾಪುರ, ಉಡುಪಿಗೆ ಬಸ್ಸಿಗೆ ಬರ ಇಲ್ಲ. ಸಿಗಂದೂರು, ಕೊಲ್ಲೂರು ಎರಡೂ ಯಾತ್ರೆಯ ಜಾಗ ಆದ್ರಿಂದ ಭಾನುವಾರವೂ ವಾಹನ ಓಡಾಡುತ್ತೆ. ನೀಟ್ ಭಾನುವಾರ ಅನ್ನೋದನ್ನ ಮರೀಬೇಡಿ. 2023, 2024, 2025 ಮೂರು ವರ್ಷವೂ ಮೇ ತಿಂಗಳ ಮೊದಲ ಭಾನುವಾರವೇ ನಡೆದಿದೆ. ಹಳ್ಳಿ ರೂಟಿನ ಎಷ್ಟೋ ಬಸ್ಸು ಭಾನುವಾರ ರಜೆ.

ಮೇ ಮೊದಲ ವಾರ ಘಾಟಿಯಲ್ಲಿ ಮುಂಗಾರಿನ ತೊಂದರೆ ಇರಲ್ಲ. ನಕ್ಷೆ ನೋಡಿ ಹತ್ತಿರ ದೂರ ಅಳೀಬೇಡಿ, ಬಸ್ಸು ಎಷ್ಟು ಸಲ ಬದಲಿಸಬೇಕು ಅಂತ ಎಣಿಸಿ. ದಾವಣಗೆರೆಗೆ ನಿಮಗೆ ಮೂರು ಬದಲಾವಣೆ. ಉಡುಪಿಗೆ ಕೊಲ್ಲೂರಲ್ಲಿ ಒಂದು, ಹೆಚ್ಚಂದ್ರೆ ಎರಡು.

ಕರೂರು ಸೀಮೆ:

ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ನಮ್ಮೂರವರು ಆಸ್ಪತ್ರೆಗೆ ಮಣಿಪಾಲಕ್ಕೆ ಅದೇ ದಾರೀಲಿ ಹೋಗ್ತಾರೆ. ಕುಂದಾಪುರದಲ್ಲಿ ಹೆಂಡತಿಯ ಚಿಕ್ಕಪ್ಪನ ಮನೆಯೂ ಇದೆ. ಆಸ್ಪತ್ರೆಗೆ ಹೋಗೋ ದಾರಿ ಪರೀಕ್ಷೆಗೆ ನೆನಪಾಗಲಿಲ್ಲ ನೋಡಿ.

ಸೊರಬದ ಅಮ್ಮ:

ಮಗ ಕಳೆದ ತಿಂಗಳು ಜೆಇಇ ಮೇನ್ ಬರೆದ. ಅದು ಕಂಪ್ಯೂಟರ್‌ನಲ್ಲಿ, ಹಾಗಾಗಿ ನಗರದಲ್ಲೇ ಕೇಂದ್ರ. ಬೆಳಗಿನ ಪಾಳಿ 9ಕ್ಕೆ ಶುರು, ಗೇಟು ಅರ್ಧ ಗಂಟೆ ಮೊದಲೇ ಮುಚ್ಚುತ್ತೆ. ಸೊರಬದಿಂದ ಆ ಹೊತ್ತಿಗೆ ಶಿವಮೊಗ್ಗ ಮುಟ್ಟೋದು ಬಾಡಿಗೆ ಕಾರಲ್ಲಿ ನಡುರಾತ್ರಿ ಎದ್ದು ಹೊರಟ್ರೆ ಮಾತ್ರ. ನಂಟರು ಯಾರೂ ಇಲ್ಲ ನಮಗಲ್ಲಿ. ಕೊನೆಗೆ ಮಗನ ಉಪನ್ಯಾಸಕರೊಬ್ಬರು ಅವರ ಪರಿಚಯದ ಹಾಸ್ಟೆಲ್ ವಾರ್ಡನ್ ಹತ್ತಿರ ಮಾತಾಡಿ, ಖಾಲಿ ಇದ್ದ ಕೋಣೇಲಿ ಮಗನಿಗೆ ಒಂದು ರಾತ್ರಿ ಮಲಗೋಕೆ ಜಾಗ ಕೊಡಿಸಿದ್ರು. ದುಡ್ಡು ತಗೊಳ್ಳಲಿಲ್ಲ. ವಾರ್ಡನ್ ಬೆಳಗ್ಗೆ ಅವಲಕ್ಕಿ ಮಾಡಿಸಿ ತಿನ್ನಿಸಿ ಕಳಿಸಿದ್ರು. ಆ ಪುಣ್ಯಾತ್ಮರನ್ನ ನಾನು ಇವತ್ತಿಗೂ ನೋಡಿಲ್ಲ.

ಶಿವಮೊಗ್ಗದಲ್ಲಿ ಎಷ್ಟು ವಿದ್ಯಾರ್ಥಿನಿಲಯ ಇವೆ, ಸಮುದಾಯದವು, ಮಠದವು, ಸರ್ಕಾರದವು. ಪರೀಕ್ಷೆಯ ಹಿಂದಿನ ರಾತ್ರಿ ಹಳ್ಳಿ ಮಕ್ಕಳಿಗೆ ಒಂದು ಚಾಪೆ ಕೊಡಿ ಅಂತ ಕೇಳಿದ್ರೆ ಇಲ್ಲ ಅನ್ನೋರು ಕಡಿಮೆ. ಕೇಳೋದು ಹೇಗೆ ಅಂತ ನಮಗೆ ಗೊತ್ತಿಲ್ಲ, ಅಷ್ಟೇ.

ತುಂಗೆ ದಡ:

ಎಲ್ಲರ ಅನುಭವ ಓದಿ ಬೇಸರವೂ ಆಯ್ತು, ಸಿಟ್ಟೂ ಬಂತು. ಸಲಹೆ ಕೊಡೋದು ಸರಿ, ಆದ್ರೆ ಎಷ್ಟು ವರ್ಷ ಹಳ್ಳಿ ಮಕ್ಕಳೇ ಹೊಂದಿಸ್ಕೊಂಡು ಹೋಗಬೇಕು? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಕರೂರು ಸೀಮೆಗೆ ಹೊಳೆಯೇ ಗೋಡೆಯಾಯ್ತು. ನಾಡಿಗೆಲ್ಲ ಬೆಳಕು ಕೊಟ್ಟವರ ಮನೆ ಮಕ್ಕಳು ಅರವತ್ತು ವರ್ಷ ಲಾಂಚ್ ಕಾದು ಪರೀಕ್ಷೆಗೆ ಹೋದ್ರು. ಸಾಗರ, ತೀರ್ಥಹಳ್ಳಿ, ಹೊಸನಗರ, ಸೊರಬ, ಶಿಕಾರಿಪುರ ಎಲ್ಲ ಕಡೆ ಪದವಿ ಕಾಲೇಜು ಇದೆ, ಕಟ್ಟಡ ಇದೆ, ಮೇಷ್ಟ್ರು ಇದಾರೆ. ನೀಟ್‌ಗೆ ತಾಲ್ಲೂಕಿಗೊಂದು ಕೇಂದ್ರ ಯಾಕೆ ಆಗಲ್ಲ?

ನವುಲೆ ಕ್ರಾಸ್:

ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಯಾಕೆ ಆಗಿಲ್ಲ ಅನ್ನೋದು ಗೊತ್ತಿದ್ರೆ ಕೇಳೋಕೂ ಬಲ ಬರುತ್ತೆ. ಪ್ರಶ್ನೆಪತ್ರಿಕೆ ರಾತ್ರಿ ಇಡೋಕೆ ಭದ್ರ ಕೋಣೆ ಬೇಕು. ನೀಟ್‌ನವನ್ನ ಬ್ಯಾಂಕಿನಲ್ಲಿಟ್ಟು, ಪರೀಕ್ಷೆ ದಿನ ಕಾವಲಿನಲ್ಲಿ ತರ್ತಾರೆ. ಪ್ರತಿ ಕೊಠಡಿಗೂ ಸಿಸಿಟಿವಿ, ಮೊಬೈಲ್ ಸಿಗ್ನಲ್ ತಡೆಯೋ ಯಂತ್ರ, ಬೆರಳಚ್ಚು ತೆಗೆಯೋ ಯಂತ್ರ ಬೇಕು. 2024ರಲ್ಲಿ ನೀಟ್ ಪ್ರಶ್ನೆಪತ್ರಿಕೆ ಸೋರಿಕೆಯಾಗಿ ಸುಪ್ರೀಂ ಕೋರ್ಟ್ ತನಕ ಹೋದ ಮೇಲೆ ಭದ್ರತೆ ಇನ್ನೂ ಬಿಗಿಯಾಯ್ತು. ಸಣ್ಣ ಊರಲ್ಲಿ ಇನ್ನೂರು ಮಕ್ಕಳಿಗೆ ಇಷ್ಟೆಲ್ಲ ಹೂಡೋಕೆ ಅವರು ಹಿಂದೆ ಮುಂದೆ ನೋಡ್ತಾರೆ. ಜೆಇಇಗಂತೂ ಕಂಪ್ಯೂಟರ್ ಸಾಲು ಸಾಲಾಗಿ, ಕರೆಂಟ್ ಹೋದ್ರೂ ನಿಲ್ಲದ ಹಾಗೆ ಬೇಕು.

ಆದ್ರೆ ಸಿಇಟಿ ರಾಜ್ಯದ್ದು, ಪೆನ್ನು ಕಾಗದದ್ದು. ಪಿಯು ವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನ ತಾಲ್ಲೂಕಿನ ಖಜಾನೆಯಲ್ಲಿಟ್ಟು, ಅದೇ ಕಾಲೇಜುಗಳಲ್ಲಿ ಪರೀಕ್ಷೆ ನಡೆಸೋ ನಮಗೆ ಸಿಇಟಿ ನಡೆಸೋಕೆ ಏನು ಕಷ್ಟ? ಅದನ್ನ ಗಟ್ಟಿಯಾಗಿ ಕೇಳಬಹುದು. ಕೇಳೋ ದಾರಿ ಇದು: ತಾಲ್ಲೂಕಿನ ಎಲ್ಲ ಪಿಯು ಕಾಲೇಜುಗಳಿಂದ ಈ ವರ್ಷ ಎಷ್ಟು ವಿಜ್ಞಾನ ವಿದ್ಯಾರ್ಥಿಗಳು ಬರೀತಾರೆ, ಯಾವ ಹೋಬಳಿಯಿಂದ ಎಷ್ಟು, ಬೆಳಗಿನ ಮೊದಲ ಬಸ್ಸು ಎಷ್ಟು ಗಂಟೆಗೆ, ಇಷ್ಟನ್ನ ಪಟ್ಟಿ ಮಾಡಿ. ಪ್ರಾಂಶುಪಾಲರ ಸಹಿ ಹಾಕಿಸಿ, ಪಿಯು ಉಪನಿರ್ದೇಶಕರ ಮೂಲಕ ಜಿಲ್ಲಾಧಿಕಾರಿಗೆ ಮತ್ತು ಕೆಇಎಗೆ ಕೊಡಿ. ಜಿಲ್ಲೆಯಲ್ಲಿ ಸಿಇಟಿ ಉಸ್ತುವಾರಿ ಜಿಲ್ಲಾಧಿಕಾರಿಯದ್ದೇ. ‘ಕಷ್ಟ ಆಗ್ತಿದೆ’ ಅಂತ ಬರೆದ ಅರ್ಜಿ ಕಡತಕ್ಕೆ ಹೋಗುತ್ತೆ. ‘ಕರೂರು ಹೋಬಳಿಯಿಂದ ಇಷ್ಟು ಮಕ್ಕಳು, ಮೊದಲ ಬಸ್ಸು ಇಷ್ಟಕ್ಕೆ, ಹತ್ತೂವರೆಗೆ ಮುಟ್ಟೋಕಾಗಲ್ಲ’ ಅಂತ ಅಂಕಿ ಇಟ್ಟು ಬರೆದ್ರೆ ಯಾರಾದ್ರೂ ಉತ್ತರ ಕೊಡಲೇಬೇಕಾಗುತ್ತೆ. ಅರ್ಜಿ ಕೊಡೋಕೆ ಒಳ್ಳೆ ಹೊತ್ತು ಮಧ್ಯಾವಧಿ ಪರೀಕ್ಷೆ ಮುಗಿದ ಕೂಡಲೇ, ಕೇಂದ್ರಗಳ ಪಟ್ಟಿ ಆಗೋ ಮೊದಲು.

ಹೊಳೆಬಾಗಿಲು:

ಸರ್, ಆ ಪಟ್ಟಿ ಮಾಡೋಕೆ ನಾನು ಸೇರ್ತೀನಿ. ನಮ್ಮ ಬ್ಯಾಚಿನ ಹನ್ನೊಂದು ಜನರ ನಂಬರ್ ನನ್ನ ಹತ್ತಿರ ಇದೆ, ಎಲ್ಲರೂ ನಮ್ಮ ಸೀಮೆಯವರೇ. ಯಾರು ಎಷ್ಟು ಗಂಟೆಗೆ ಹೊರಟ್ರು, ಎಲ್ಲಿ ಉಳಿದ್ರು ಅಂತ ಕೇಳಿ ಬರೀತೀನಿ.

ಇರುವಕ್ಕಿ:

ಕೃಷಿಕರ ಮಕ್ಕಳಿಗೆ ಒಂದು ಸೇರಿಸ್ತೀನಿ. ಬಿಎಸ್ಸಿ ಕೃಷಿ, ತೋಟಗಾರಿಕೆ, ಪಶುವೈದ್ಯಕೀಯಕ್ಕೆ ಕೃಷಿಕರ ಕೋಟಾದಲ್ಲಿ ಹೋಗೋರಿಗೆ ಸಿಇಟಿ ಬಿಟ್ಟು ಪ್ರಾಯೋಗಿಕ ಪರೀಕ್ಷೆ ಬೇರೆ ಇರುತ್ತೆ. ಬೀಜ, ಗಿಡ, ಗೊಬ್ಬರ, ಸಲಕರಣೆ ಇಟ್ಟು ಗುರುತಿಸಿ ಅಂತಾರೆ. ಅದರ ದಿನ ಬೇರೆ, ಕೇಂದ್ರ ಬೇರೆ. ಸಿಇಟಿ ಮುಗೀತು ಅಂತ ಕೆಇಎ ಜಾಲತಾಣ ನೋಡೋದನ್ನ ಬಿಟ್ಟು ಆ ಪರೀಕ್ಷೆ ತಪ್ಪಿಸ್ಕೊಂಡ ಹುಡುಗನೊಬ್ಬ ನಮ್ಮೂರಲ್ಲೇ ಇದಾನೆ. ಅಡಿಕೆ ತೋಟದಲ್ಲಿ ಹುಟ್ಟಿ ಬೆಳೆದ ಹುಡುಗ, ಕೂತಿದ್ರೆ ಕಣ್ಣು ಮುಚ್ಚಿ ಉತ್ತರ ಬರೀತಿದ್ದ.

ಇನ್ನೊಂದು, ಕೇಂದ್ರದ ಹೆಸರನ್ನ ಪೂರ್ತಿ ಓದಿ. ಶಿವಮೊಗ್ಗದಲ್ಲಿ ಆಟೊದವರಿಗೆ ‘ಸರ್ಕಾರಿ ಪಿಯು ಕಾಲೇಜು’ ಅಂದ್ರೆ ಯಾವುದಕ್ಕೆ ಬೇಕಾದ್ರೂ ಬಿಡ್ತಾರೆ. ಬಾಲಕಿಯರದ್ದಾ, ಯಾವ ರಸ್ತೆ ಅಂತ ನೋಡ್ಕೊಳ್ಳಿ. ‘ನವುಲೆ ಕಾಲೇಜು’ ಅಂದ್ರೂ ಹಾಗೇ, ಎಂಜಿನಿಯರಿಂಗ್ ಕಾಲೇಜೂ ಅಲ್ಲೇ, ಕೃಷಿ ಕಾಲೇಜೂ ಅಲ್ಲೇ.

ನಗರದ ಕೆರೆ ಏರಿ:

ಬಟ್ಟೆ ಬಗ್ಗೆ ಯಾರೂ ಹೇಳಲಿಲ್ಲ. ಅರ್ಧ ತೋಳಿನ ಸಾದಾ ಅಂಗಿ, ತೆಳು ಚಪ್ಪಲಿ. ಬೂಟು, ಓಲೆ, ಬಳೆ, ಸರ ಬೇಡ. ಕಿವಿಯ ಓಲೆ ತೆಗೆಯೋಕೆ ಬರದೆ ಗೇಟಿನಲ್ಲಿ ಸೋಪು ಹಚ್ಚಿ ಎಳೆಯೋ ಮಕ್ಕಳನ್ನ ನೋಡಿ ಹೊಟ್ಟೆ ಉರಿಯಿತು. ಹಿಂದಿನ ದಿನ ಮನೇಲೇ ಬಿಚ್ಚಿಟ್ಟು ಬನ್ನಿ. ಮತ್ತೆ ಮಳೆ ಬಂದ್ರೆ ಅಂತ ಇನ್ನೊಂದು ಜೊತೆ ಬಟ್ಟೆ.

ಕರೂರು ಸೀಮೆ:

ಎಲ್ಲರಿಗೂ ಕೈ ಮುಗೀತೀನಿ. ಇವತ್ತು ಮತ್ತೆ ಸೈಬರ್‌ಗೆ ಹೋಗಿ ಅರ್ಜಿ ಮುಗಿಸಿ ಬಂದ್ವಿ. ನೀಟ್‌ಗೆ ಮೊದಲು ಶಿವಮೊಗ್ಗ, ಎರಡನೇದು ಉಡುಪಿ, ಅದರ ಮೇಲೆ ದಾವಣಗೆರೆ. ಸಿಇಟಿಗೂ ಊರಿನ ಪಟ್ಟಿ ಪರದೆ ಮೇಲೆ ಪೂರ್ತಿ ಓದಿ, ಮಗಳೇ ಆರಿಸಿದಳು. ಹೊಳೆಬಾಗಿಲಿನ ಕೂಸು ಹೇಳಿದ ಹಾಗೆ ಹೋಗೋ ಬಸ್ಸು, ಬರೋ ಬಸ್ಸು ಎರಡನ್ನೂ ಒಂದು ಹಾಳೆಯಲ್ಲಿ ಬರೆದು ಅಡಿಗೆಮನೆ ಗೋಡೆಗೆ ಅಂಟಿಸಿದೀನಿ. ಶಿವಮೊಗ್ಗದಲ್ಲಿ ಉಳಿಯೋಕೆ ನಮಗೆ ಯಾರೂ ಇಲ್ಲ, ಅದೊಂದು ಇನ್ನೂ ಆಗಬೇಕು.

ನವುಲೆ ಕ್ರಾಸ್:

ನಮ್ಮನೆ ಕೇಂದ್ರ ಎಲ್ಲಿ ಬಿದ್ರೂ ಆಟೊದಲ್ಲಿ ಹದಿನೈದು ಇಪ್ಪತ್ತು ನಿಮಿಷದ ದಾರಿ. ಮಹಡಿ ಮೇಲೆ ಒಂದು ಕೋಣೆ ಖಾಲಿ ಇದೆ, ಮಗಳ ಮದುವೆಯಾದ ಮೇಲೆ ಯಾರೂ ಮಲಗಲ್ಲ. ನನ್ನ ಹೆಂಡತಿ ಈಗಷ್ಟೇ ಇದನ್ನೆಲ್ಲ ಓದಿ ‘ತಾಯಿ ಮಗಳು ಇಬ್ಬರೂ ಬರಲಿ, ಎರಡು ರಾತ್ರಿ ಇರಲಿ’ ಅಂದಳು. ಸೊರಬದವರು, ನಗರದವರು ಯಾರಿಗೆ ಬೇಕಾದ್ರೂ ಹೇಳಿ, ಇನ್ನೂ ಇಬ್ಬರಿಗೆ ಹಾಸಿಗೆ ಇದೆ. ನೇರ ಸಂದೇಶದಲ್ಲಿ ವಿಳಾಸ ಕಳಿಸ್ತೀನಿ.

ಸೊರಬದ ಅಮ್ಮ:

ಸರ್, ಏಪ್ರಿಲ್ ಜೆಇಇಗೆ ನಮ್ಮ ಮಗನಿಗೆ ಒಂದು ಹಾಸಿಗೆ ಇಟ್ಟಿರಿ. ಬರುವಾಗ ನಮ್ಮನೆ ಜೋನಿಬೆಲ್ಲ ಕಳಿಸ್ತೀನಿ.